ಕಾಗದದಲ್ಲಿ ಉಳಿದ ಗೋರಿಗಳು: ರೋಮಿನಲ್ಲಿ ಅಚ್ಚುಚಿತ್ರಗಳ ಜೊತೆ

ಭಾನುವಾರ

ಹದಿನಾರನೆಯ ಶತಮಾನದಲ್ಲಿ ರೋಮ್ ನೋಡಲು ಬಂದವರು ಊರಿಗೆ ಮರಳುವಾಗ ಕೊಂಡೊಯ್ಯುತ್ತಿದ್ದ ವಸ್ತುಗಳಲ್ಲಿ ಅಚ್ಚುಚಿತ್ರಗಳೂ ಸೇರಿದ್ದವು. ಸ್ಪೇನ್ ಮೂಲದ ಆಂತೋನಿಯೊ ಸಾಲಮಾಂಕಾ ಮತ್ತು ಇಂದಿನ ಫ್ರಾನ್ಸಿನ ಬೆಸಾನ್ಸೋನ್ ಸೀಮೆಯಿಂದ ಬಂದ ಆಂತ್ವಾನ್ ಲಾಫ್ರೆರಿ ಎಂಬ ಇಬ್ಬರು ಪ್ರಕಾಶಕರು ಮೊದಲು ಪೈಪೋಟಿಗಿಳಿದು, 1553ರಲ್ಲಿ ಪಾಲುಗಾರರಾಗಿ, ರೋಮಿನ ಹಳೆಯ ಅವಶೇಷಗಳನ್ನೂ ಹೊಸ ಕಟ್ಟಡಗಳನ್ನೂ ತಾಮ್ರದ ತಗಡಿನಲ್ಲಿ ಕೆತ್ತಿಸಿ ಬಿಡಿ ಹಾಳೆಗಳಾಗಿ ಮಾರುತ್ತಿದ್ದರು. ಕೊಳ್ಳುವವನು ತನಗೆ ಬೇಕಾದ ಹಾಳೆಗಳನ್ನು ಆರಿಸಿ ಹೊಲಿಸಿಕೊಳ್ಳುತ್ತಿದ್ದ. 1570ರ ದಶಕದಲ್ಲಿ ಲಾಫ್ರೆರಿ ಇವಕ್ಕೆಲ್ಲ ‘ಸ್ಪೆಕ್ಯುಲುಮ್ ರೋಮಾನೆ ಮಾಗ್ನಿಫಿಚೆಂಟಿಯೆ’ (ರೋಮಿನ ವೈಭವದ ಕನ್ನಡಿ) ಎಂಬ ಒಂದು ಶೀರ್ಷಿಕೆಪುಟವನ್ನೂ ಅಚ್ಚು ಮಾಡಿಸಿದ. ಹೀಗಾಗಿ ಈ ಹೆಸರಿನ ಯಾವ ಎರಡು ಸಂಪುಟಗಳೂ ಒಂದೇ ತೆರನಾಗಿಲ್ಲ.

ಷಿಕಾಗೊ ವಿಶ್ವವಿದ್ಯಾಲಯ ಮತ್ತು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮಲ್ಲಿರುವ ಈ ಹಾಳೆಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿವೆ. ಅವುಗಳಲ್ಲಿ ಪೋಪರ ಸಮಾಧಿಗಳಿಗೆ ಸಂಬಂಧಿಸಿದವನ್ನೂ, ಬೇರೆ ಸಂಗ್ರಹಗಳಲ್ಲಿರುವ ಮೂಲ ವಿನ್ಯಾಸಗಳ ಕೆಲವು ರೇಖಾಚಿತ್ರಗಳನ್ನೂ ದಪ್ಪ ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿ ಒಂದು ಕಡತ ಮಾಡಿಕೊಂಡೆವು. ಆ ಕಡತವನ್ನು ಹಿಡಿದು ಸಮಾಧಿಗಳ ಮುಂದೆ ನಿಂತು, ಗೆರೆಗೂ ಕಲ್ಲಿಗೂ ತಾಳೆ ನೋಡಬೇಕೆಂಬುದೇ ಈ ಪ್ರವಾಸದ ಉದ್ದೇಶ. ಜೊತೆಗೆ ಬಂದವಳು ನನ್ನ ತಂಗಿ. ಅವಳು ಬೆಂಗಳೂರಿನಲ್ಲಿ ಪ್ರಿಂಟ್‌ಮೇಕಿಂಗ್ ಕಲಿತವಳು, ತಗಡು, ಶಾಯಿ, ಪ್ರೆಸ್ಸುಗಳ ನಡುವೆ ದಿನ ಕಳೆಯುವವಳು. ಟರ್ಮಿನಿ ನಿಲ್ದಾಣದ ಹತ್ತಿರದ ಕೋಣೆಯಲ್ಲಿ ಸಂಜೆ ಹಾಳೆಗಳನ್ನು ಚರ್ಚುಗಳ ಪ್ರಕಾರ ಜೋಡಿಸಿಕೊಂಡೆವು.

ಸೋಮವಾರ

ಬೆಳಿಗ್ಗೆ ಏಳಕ್ಕೆ ಸಂತ ಪೀಟರ್ ಬೆಸಿಲಿಕಾದ ಬಾಗಿಲು ತೆರೆಯುವ ಹೊತ್ತಿಗೆ ಸರತಿಯಲ್ಲಿ ನಿಂತಿದ್ದೆವು. ಈಗ ಕಾಣುವ ಈ ಮಹಾಕಟ್ಟಡಕ್ಕಿಂತ ಮೊದಲು ಇದೇ ಜಾಗದಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯ ಕಾಲದ ಹಳೆಯ ಬೆಸಿಲಿಕಾ ಇತ್ತು. 1506ರಲ್ಲಿ ಪೋಪ್ ಎರಡನೆಯ ಜೂಲಿಯಸ್ ಹೊಸದಕ್ಕೆ ಅಡಿಗಲ್ಲು ಹಾಕಿದ. ಮುಂದಿನ ನೂರು ವರ್ಷಗಳಲ್ಲಿ ಹಳೆಯದು ಹಂತಹಂತವಾಗಿ ನೆಲಕ್ಕುರುಳಿತು, ಅದರೊಂದಿಗೆ ಅಲ್ಲಿದ್ದ ಪೋಪರ ಸಮಾಧಿಗಳೂ ಕಳಚಿದವು. ಎರಡನೆಯ ಪೌಲನ ಸಮಾಧಿಯ ಗತಿಯನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. 1471ರಲ್ಲಿ ತೀರಿಕೊಂಡ ಈ ಪೋಪನಿಗೆ ಅವನ ಬಂಧು ಕಾರ್ಡಿನಲ್ ಮಾರ್ಕೊ ಬಾರ್ಬೊ, ಮೀನೊ ದಾ ಫಿಯೇಸೊಲೆ ಮತ್ತು ಜೊವಾನ್ನಿ ದಾಲ್ಮಾತಾ ಎಂಬ ಇಬ್ಬರು ಶಿಲ್ಪಿಗಳಿಂದ ಮಾಡಿಸಿದ ಗೋಡೆ ಸಮಾಧಿ, ಆ ಶತಮಾನದ ರೋಮಿನ ಅತ್ಯಂತ ಭವ್ಯವಾದ ಸಮಾಧಿಗಳಲ್ಲೊಂದು. ಇಂದು ಅದರ ತುಂಡುಗಳು ಬೇರೆಬೇರೆ ಕಡೆ ಚದುರಿವೆ, ಹಲವು ಈ ಬೆಸಿಲಿಕಾದ ಕೆಳಗಿನ ಭೂಗೃಹಗಳಲ್ಲಿವೆ. ಅವೆಲ್ಲ ಒಟ್ಟಾಗಿ ಹೇಗಿದ್ದವೆಂದು ತಿಳಿಯಲು ನಮಗಿರುವ ಆಧಾರಗಳಲ್ಲಿ ಮುಖ್ಯವಾದದ್ದು ಒಂದು ಅಚ್ಚುಚಿತ್ರ. ಸ್ಪೇನಿನ ವಿದ್ವಾಂಸ ಅಲ್ಫೊನ್ಸೊ ಚಾಕೋನ್ ಬರೆದ ಪೋಪರ ಚರಿತ್ರೆಯ 1677ರ ಆವೃತ್ತಿಯಲ್ಲಿ ಪೋಪರ ಅನೇಕ ಸಮಾಧಿಗಳ ಚಿತ್ರಗಳಿವೆ, ಪೌಲನದೂ ಇದೆ. ಪೀಠ, ಅದರ ಮೇಲೆ ಮಲಗಿದ ಪೋಪನ ವಿಗ್ರಹ, ಎರಡೂ ಕಡೆ ಕಂಬಗಳು, ನೆತ್ತಿಯ ಅರ್ಧವೃತ್ತದಲ್ಲಿ ಅಂತಿಮ ತೀರ್ಪಿನ ಉಬ್ಬುಶಿಲ್ಪ. ಕೆತ್ತಿದವನ ಕೈ ಅಷ್ಟೇನೂ ನುರಿತದ್ದಲ್ಲ, ಮುಖಗಳೆಲ್ಲ ಒಂದೇ ಅಚ್ಚಿನವು. ಆದರೂ ಯಾವ ತುಂಡು ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಅದು ಹೇಳುತ್ತದೆ, ಭೂಗೃಹದ ಶಿಲ್ಪಗಳು ತಾವಾಗಿ ಅದನ್ನು ಹೇಳಲಾರವು.

ಬೆಸಿಲಿಕಾದ ಖಜಾನೆ ಮ್ಯೂಸಿಯಂನಲ್ಲಿ ನಾಲ್ಕನೆಯ ಸಿಕ್ಸ್ಟಸನ ಕಂಚಿನ ಸಮಾಧಿ ಇದೆ. ಆಂತೋನಿಯೊ ಪೊಲ್ಲಾಯುವೊಲೊ ಇದನ್ನು 1493ರಲ್ಲಿ ಮುಗಿಸಿದ. ಗೋಡೆಗೆ ಅಂಟದೆ ನೆಲದ ಮೇಲೆ ತಗ್ಗಾಗಿ ಹರಡಿಕೊಂಡ ಕಂಚಿನ ಹಾಸು ಅದು. ನಡುವೆ ಮಲಗಿದ ಮುದುಕ ಪೋಪ್, ಸುತ್ತಲೂ ಸದ್ಗುಣಗಳು, ಅಂಚಿನ ಇಳಿಜಾರಿನಲ್ಲಿ ವಿದ್ಯೆಗಳನ್ನು ಪ್ರತಿನಿಧಿಸುವ ಹೆಣ್ಣುಗಳು. ಅವರಲ್ಲಿ ಹೊಸದಾಗಿ ಸೇರಿಕೊಂಡವಳು ಪರ್ಸ್ಪೆಕ್ಟಿವ್, ಅಂದರೆ ದೂರ ಸಾಮೀಪ್ಯಗಳನ್ನು ಚಿತ್ರದಲ್ಲಿ ತೋರಿಸುವ ಶಾಸ್ತ್ರ. ನನ್ನ ತಂಗಿ ಕಂಚಿನ ಮೇಲಿನ ಲ್ಯಾಟಿನ್ ಸಹಿಯ ಕಡೆ ಕೈ ತೋರಿಸಿದಳು. ಬೆಳ್ಳಿ, ಚಿನ್ನ, ಚಿತ್ರ, ಕಂಚುಗಳಲ್ಲಿ ಹೆಸರಾದ ಫ್ಲಾರೆನ್ಸಿನ ಆಂತೋನಿಯೊನ ಕೆಲಸವಿದು ಎಂದು ಅಲ್ಲಿದೆ. “ಅಣ್ಣ, ಇದೇ ಮನುಷ್ಯ ‘ನಗ್ನರ ಕಾಳಗ’ ಕೆತ್ತಿದವನು. ಹತ್ತು ಜನ ಬೆತ್ತಲೆ ಗಂಡಸರು ಕತ್ತಿ ಹಿಡಿದು ಹೊಡೆದಾಡುವ ಆ ಪ್ರಿಂಟನ್ನ ನಮಗೆ ಮೊದಲನೇ ವರ್ಷವೇ ತೋರಿಸಿದ್ದರು,” ಎಂದಳು. ತಾಮ್ರದ ಮೇಲೆ ಕೆತ್ತಿ ಅಚ್ಚೊತ್ತುವ ವಿದ್ಯೆ ಹುಟ್ಟಿದ್ದೇ ಅಕ್ಕಸಾಲೆಗಳಲ್ಲಿ. ಪೋಪನ ಗೋರಿಯನ್ನು ಎರಕ ಹೊಯ್ದ ಕೈಯೂ ಅಚ್ಚಿನ ತಗಡನ್ನು ಕೊರೆದ ಕೈಯೂ ಒಂದೇ ಎಂಬುದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಆ ಕಂಚಿನ ಪಕ್ಕದಲ್ಲಿ ನಿಂತು ಕೇಳುವುದು ಬೇರೆಯೇ ಅನುಭವ.

ಪೊಲ್ಲಾಯುವೊಲೊನದೇ ಇನ್ನೊಂದು ಕೆಲಸವಾದ ಎಂಟನೆಯ ಇನ್ನೊಸೆಂಟನ ಸಮಾಧಿ, ಹಳೆಯ ಬೆಸಿಲಿಕಾದಿಂದ ಬಂದು ಹೊಸದರ ಒಳಗೆ ಸ್ಮಾರಕವಾಗಿಯೇ ನೆಲೆಯೂರಿದೆ. ಒಂದು ಕಂಚಿನ ಪೋಪ್ ಕುಳಿತು ಆಶೀರ್ವದಿಸುತ್ತಿದ್ದಾನೆ, ಇನ್ನೊಂದು ಸತ್ತು ಮಲಗಿದೆ. ಈಗ ಕುಳಿತವನು ಮೇಲೆ, ಮಲಗಿದವನು ಕೆಳಗೆ ಇದ್ದಾರೆ, ಮೂಲದಲ್ಲಿ ಇದು ತಿರುವುಮುರುವಾಗಿತ್ತು. ಸಮಾಧಿಯನ್ನು ಸಾಗಿಸುವಾಗ ಆದ ಈ ಬದಲಾವಣೆಯನ್ನು ಕಲ್ಲಾಗಲಿ ಕಂಚಾಗಲಿ ಬಿಟ್ಟುಕೊಡುವುದಿಲ್ಲ, ಹಳೆಯ ಚಿತ್ರಗಳೇ ಹೇಳಬೇಕು.

ಮೂರನೆಯ ಪೌಲನ ಸಮಾಧಿ ಬೆಸಿಲಿಕಾದ ತುದಿಯಲ್ಲಿ, ಎಡಗಡೆಯ ಗೂಡಿನಲ್ಲಿದೆ. ತಡೆಹಗ್ಗದ ಈಚೆಯಿಂದಲೇ ನೋಡಬೇಕಾಯಿತು. ಗುಲ್ಯೆಲ್ಮೊ ದೆಲ್ಲಾ ಪೋರ್ತಾ ಇದನ್ನು ಸುತ್ತಲೂ ಓಡಾಡಿ ನೋಡುವಂತೆ, ಬಿಡಿಯಾಗಿ ನಿಲ್ಲುವ ಕಟ್ಟಡವಾಗಿ ಕಲ್ಪಿಸಿಕೊಂಡಿದ್ದ. ಪ್ರತಿಮೆಗಳು ನಾಲ್ಕು: ನ್ಯಾಯ, ವಿವೇಕ, ಶಾಂತಿ, ಸಮೃದ್ಧಿ. 1628ರಲ್ಲಿ ಸಮಾಧಿ ಈಗಿನ ಗೂಡಿಗೆ ಬಂತು. ಈಗ ಇಲ್ಲಿರುವುದು ಎರಡೇ, ಉಳಿದೆರಡು ಫಾರ್ನೆಸೆ ಅರಮನೆಯಲ್ಲಿವೆ. ಬೆತ್ತಲೆಯಾಗಿದ್ದ ನ್ಯಾಯದ ಪ್ರತಿಮೆಗೆ ಹದಿನಾರನೆಯ ಶತಮಾನದ ಕೊನೆಯಲ್ಲಿ ಲೋಹದ ಬಟ್ಟೆ ತೊಡಿಸಿದರು, ತೊಡಿಸಿದವನು ಶಿಲ್ಪಿಯ ಮಗನೇ. ಸುತ್ತು ಹಾಕಿ ನೋಡಬೇಕಾದ್ದನ್ನು ಎದುರಿನಿಂದ ಮಾತ್ರ ನೋಡುವ ಸ್ಥಿತಿಗೆ ತಂದ ಈ ಕೆಲಸ ನನಗೆ ಸರಿಕಾಣುವುದಿಲ್ಲ, ಹದಿನೇಳನೆಯ ಶತಮಾನದ ಶಿಲ್ಪಿ ಬರ್ನಿನಿ ಎದುರು ಗೂಡಿನಲ್ಲಿ ಕಡೆದ ಎಂಟನೆಯ ಅರ್ಬನನ ಸಮಾಧಿಗೆ ಇದು ಎಷ್ಟೇ ಒಳ್ಳೆಯ ಜೋಡಿಯಾದರೂ.

ಹೊರಡುವ ಮುನ್ನ ಹತ್ತನೆಯ ಕ್ಲೆಮೆಂಟನ ಸ್ಮಾರಕದ ಬಳಿ ನೆಲದ ಮೇಲಿನ ಒಂದು ಸಾದಾ ಅಮೃತಶಿಲೆಯ ಫಲಕವನ್ನು ಹುಡುಕಿದೆವು. ನಾಲ್ಕನೆಯ ಸಿಕ್ಸ್ಟಸನೂ ಅವನ ಅಣ್ಣತಮ್ಮಂದಿರ ಮಗನಾದ ಎರಡನೆಯ ಜೂಲಿಯಸನೂ ಆ ಫಲಕದ ಕೆಳಗಿದ್ದಾರೆ. ಒಬ್ಬನ ಕಂಚಿನ ಸಮಾಧಿ ಖಜಾನೆಯಲ್ಲಿ ಬರಿದಾಗಿದೆ, ಇನ್ನೊಬ್ಬನ ಅಮೃತಶಿಲೆಯ ಸಮಾಧಿ ಊರಿನ ಮತ್ತೊಂದು ಗುಡ್ಡದ ಮೇಲಿದೆ.

ಮಂಗಳವಾರ

ಸಾಂತಾ ಮರಿಯಾ ಸೋಪ್ರಾ ಮಿನೆರ್ವಾ ಚರ್ಚಿನ ಮುಂದೆ ಬರ್ನಿನಿ ವಿನ್ಯಾಸದ, ಬೆನ್ನ ಮೇಲೆ ಒಬೆಲಿಸ್ಕ್ (ಮೊನಚು ತುದಿಯ ಕಲ್ಲುಕಂಬ) ಹೊತ್ತ ಪುಟ್ಟ ಆನೆ ನಿಂತಿದೆ. ಒಳಗೆ, ಮುಖ್ಯ ಬಲಿಪೀಠದ ಹಿಂದೆ, ಫ್ಲಾರೆನ್ಸಿನ ಮೆದಿಚಿ ಮನೆತನದ ಇಬ್ಬರು ಪೋಪರು, ಹತ್ತನೆಯ ಲಿಯೊ ಮತ್ತು ಏಳನೆಯ ಕ್ಲೆಮೆಂಟ್, ಎದುರುಬದುರಾಗಿ ಕುಳಿತಿದ್ದಾರೆ. ಎರಡೂ ಸಮಾಧಿಗಳಿಗೆ ವಾಸ್ತುವಿನ್ಯಾಸ ಮಾಡಿದವನು ಕಿರಿಯ ಆಂತೋನಿಯೊ ದಾ ಸಾಂಗಾಲ್ಲೊ, ಶಿಲ್ಪಗಳ ಹೊಣೆ ಬಾಚ್ಚೊ ಬಾಂದಿನೆಲ್ಲಿಯದು. ರೋಮನ್ ವಿಜಯದ್ವಾರದ ಹಾಗೆ ಮೂರು ಭಾಗ: ನಡುವೆ ದೊಡ್ಡ ಗೂಡಿನಲ್ಲಿ ಪೋಪ್, ಪಕ್ಕದ ಎರಡು ಸಣ್ಣ ಗೂಡುಗಳಲ್ಲಿ ಪ್ರತಿಮೆಗಳು, ಮೇಲೆ ಉಬ್ಬುಶಿಲ್ಪಗಳು. ಜಾಗ ಇಕ್ಕಟ್ಟು. ಎದುರಿನಿಂದ ಹಿಂದೆ ಸರಿದು ನೋಡಲು ಆಗದು, ಬೆಳಕೂ ಓರೆಯಾಗಿ ಬೀಳುತ್ತದೆ. ಇಂಥ ಕಡೆ ಎದುರುನೋಟದ ಚಿತ್ರದ ಬೆಲೆ ಗೊತ್ತಾಗುತ್ತದೆ. ಕಡತದಲ್ಲಿದ್ದ ಹಾಳೆಯ ಮೇಲೆ ಕಂಬಗಳ ಅಂತರವನ್ನು ಬೆರಳಿನಿಂದ ಅಳೆದು ತಲೆ ಎತ್ತಿದಾಗ, ಮಧ್ಯದ ಗೂಡು ಪಕ್ಕದವುಗಳಿಗಿಂತ ಎಷ್ಟು ಅಗಲವೆಂಬುದು ಆಮೇಲೆ ಕಣ್ಣಿಗೆ ಹೊಳೆಯಿತು.

ಲಿಯೊನ ಹೆಸರಿನ ಜೊತೆ ನಮ್ಮ ಕಡೆಯ ಒಂದು ಆನೆಯ ಕಥೆಯೂ ಸೇರಿಕೊಂಡಿದೆ. 1514ರಲ್ಲಿ ಪೋರ್ಚುಗಲ್ಲಿನ ದೊರೆ ಮನುಯೆಲ್, ಭಾರತದಿಂದ ತರಿಸಿದ ಹಾನ್ನೊ ಎಂಬ ಆನೆಯನ್ನು ಇವನಿಗೆ ಕಾಣಿಕೆಯಾಗಿ ಕಳಿಸಿದ. ಎರಡು ವರ್ಷಕ್ಕೆ ಆನೆ ಸತ್ತಾಗ ಪೋಪನ ಆಜ್ಞೆಯಂತೆ ರಾಫೇಲ್ ಅದರ ಸ್ಮಾರಕಚಿತ್ರವನ್ನು ಗೋಡೆಯ ಮೇಲೆ ಬರೆದ. ಆ ಚಿತ್ರವೂ ಗೋಡೆಯೂ ಈಗಿಲ್ಲ. ಪೋರ್ಚುಗೀಸ್ ಕಲಾವಿದ ಫ್ರಾನ್ಸಿಸ್ಕೊ ದೆ ಒಲಾಂಡಾ ಅದನ್ನು ನೋಡಿ ಬರೆದುಕೊಂಡ ಪ್ರತಿಯೊಂದು ಉಳಿದಿದೆ. ಪೋಪರ ಗೋರಿಗಳಿಗೆ ಆದದ್ದೇ ಆನೆಯ ಗೋರಿಗೂ ಆಯಿತು.

ಮಧ್ಯಾಹ್ನ ನವೋನಾ ಚೌಕದ ಪಕ್ಕದ ಸಾಂತಾ ಮರಿಯಾ ದೆಲ್‌ಆನಿಮಾ ಚರ್ಚಿನಲ್ಲಿ ಆರನೆಯ ಏಡ್ರಿಯನ್ನನ ಸಮಾಧಿ ನೋಡಿದೆವು. ಇವನು ಇಂದಿನ ನೆದರ್ಲ್ಯಾಂಡ್ಸಿನ ಉಟ್ರೆಕ್ಟಿನವನು, ವರ್ಷ ಒಂದೂಮುಕ್ಕಾಲು ಮಾತ್ರ ಪೋಪನಾಗಿದ್ದು 1523ರಲ್ಲಿ ತೀರಿಕೊಂಡ. ವಿನ್ಯಾಸ ಬಾಲ್ದಸ್ಸಾರೆ ಪೆರುತ್ಸಿಯದು. ಮೊಣಕೈಯೂರಿ ಮಲಗಿದ ಪೋಪನ ಕೆಳಗಿನ ಲ್ಯಾಟಿನ್ ಸಾಲು, ಎಷ್ಟೇ ಒಳ್ಳೆಯವನಾದರೂ ಅವನ ಸದ್ಗುಣ ಎಂಥ ಕಾಲಕ್ಕೆ ಸಿಕ್ಕಿಬಿದ್ದಿತು ಎಂಬುದರ ಮೇಲೆ ಎಷ್ಟೊಂದು ನಿಂತಿದೆಯಲ್ಲಾ ಎಂದು ಮರುಗುತ್ತದೆ. ಚರ್ಚು ಬೇಗ ಮುಚ್ಚಿತು.

ಬುಧವಾರ

ಟ್ರೇವಿ ಕಾರಂಜಿಯ ಹಿಂದಿನ ಗೋಡೆಯೇ ಪಲಾತ್ಸೊ ಪೋಲಿ. ಕಾರಂಜಿಗೆ ನಾಣ್ಯ ಎಸೆಯುವ ಜನರ ಪಕ್ಕದಲ್ಲೇ ಹಾದು ಮುದ್ರಣಾಲಯದ ಬೀದಿಗೆ ತಿರುಗಿದರೆ, ಇಟಲಿಯ ಕೇಂದ್ರ ಗ್ರಾಫಿಕ್ ಸಂಸ್ಥೆಯ ಬಾಗಿಲು ಸಿಗುತ್ತದೆ. 1738ರಲ್ಲಿ ಹನ್ನೆರಡನೆಯ ಕ್ಲೆಮೆಂಟ್, ದೆ ರೊಸ್ಸಿ ಮನೆತನದ ಅಚ್ಚುಕೂಟದ ತಗಡುಗಳು ಹೊರದೇಶಕ್ಕೆ ಮಾರಾಟವಾಗಿ ಹೋಗದಿರಲೆಂದು ಅವನ್ನು ಕೊಂಡು ಸ್ಥಾಪಿಸಿದ ಕಾಲ್ಕೊಗ್ರಫಿಯಾ, ಅಂದರೆ ತಾಮ್ರದ ತಗಡಿನ ಅಚ್ಚುಶಾಲೆ, ಇದರ ಮೂಲ. ಇಂದು ಇಲ್ಲಿ 20 ಸಾವಿರಕ್ಕೂ ಹೆಚ್ಚು ತಗಡುಗಳಿವೆ. ಮೊದಲೇ ಪತ್ರ ಬರೆದಿದ್ದರಿಂದ ಕೆಲವನ್ನು ಹತ್ತಿರದಿಂದ ನೋಡಲು ಸಿಕ್ಕಿತು.

ಒಂದು ತಗಡನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದು ತೋರಿಸಿದರು. ಮೊದಲು ಅದು ಬರೀ ಕೆಂಪು ಹೊಳಪು. ಬೆಳಕು ಜಾರಿದಂತೆ ಗೆರೆಗಳು ಎದ್ದವು. ಕಂಬದ ದುಂಡುತನ ತೋರಿಸಲು ಒಂದರ ಪಕ್ಕ ಒಂದು ಬಾಗಿದ ಗೆರೆ, ನೆರಳು ದಟ್ಟವಾಗಬೇಕಾದ ಕಡೆ ಅದರ ಮೇಲೆ ಅಡ್ಡಗೆರೆ, ಇನ್ನೂ ದಟ್ಟವಾಗಬೇಕಾದ ಕಡೆ ಎರಡರ ನಡುವೆ ಒಂದೊಂದು ಚುಕ್ಕೆ. ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ ಓಡುತ್ತಿದ್ದವು. ಬ್ಯೂರಿನ್ ಎಂಬ ಮೊನೆಯುಳಿಯನ್ನು ಅಂಗೈಗೆ ಒತ್ತಿ ಹಿಡಿದು ಮುಂದಕ್ಕೆ ನೂಕುತ್ತಾರೆ, ಗೆರೆ ಬಾಗಬೇಕಾದಲ್ಲಿ ಕೈ ತಿರುಗದು, ಇನ್ನೊಂದು ಕೈ ತಗಡನ್ನೇ ತಿರುಗಿಸುತ್ತದೆ ಎಂದು ತಂಗಿ ಕೈಯಾಡಿಸಿ ತೋರಿಸಿದಳು. ಎದ್ದ ತಾಮ್ರದ ಸಿಬುರನ್ನು ಹೆರೆದು, ಗೆರೆಗಳೊಳಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನೂ ಅದರ ಮೇಲೆ ಉಣ್ಣೆಯ ಹೊದಿಕೆಯನ್ನೂ ಹಾಕಿ ಎರಡು ಉರುಳೆಗಳ ನಡುವೆ ಹಾಯಿಸಿದರೆ ಕಾಗದವು ಗೆರೆಯ ಗುಳಿಗೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಅಚ್ಚು ಹೆಚ್ಚಿದಂತೆ ಗೆರೆ ಸವೆಯುತ್ತದೆ, ಆಗ ಯಾರಾದರೂ ಅದನ್ನು ಮತ್ತೆ ಆಳ ಮಾಡುತ್ತಾರೆ.

“ಚಿತ್ರ ನೋಡಿ ತಗಡಿಗೆ ನೇರವಾಗಿ ಇಳಿಸಿದರೆ ಅಚ್ಚಿನಲ್ಲಿ ಎಡ ಬಲ ಅದಲುಬದಲು ಆಗುತ್ತೆ ಅಣ್ಣ. ಪೋಪ್ ಎಡಗೈಲಿ ಆಶೀರ್ವಾದ ಮಾಡಿದರೆ ನಡೆಯಲ್ಲವಲ್ಲ, ಅದಕ್ಕೇ ಮೊದಲೇ ತಿರುಗಿಸಿ ಕೆತ್ತಬೇಕು,” ಎಂದಳು. ಸಮಾಧಿಯ ಚಿತ್ರ ಕೆತ್ತುವವನಿಗೆ ಇದು ದೊಡ್ಡ ಚಿಂತೆ. ಬಲಗೈ, ಬರಹದ ಫಲಕ, ಮನೆತನದ ಲಾಂಛನ, ಯಾವುದು ತಿರುಗಿದರೂ ಕೊಳ್ಳುವವನ ಕಣ್ಣಿಗೆ ಬೀಳುತ್ತದೆ.

ಲಾಫ್ರೆರಿ 1577ರಲ್ಲಿ ಸತ್ತ ಮೇಲೆ ಅವನ ತಗಡುಗಳು ವಾರಸುದಾರರ ಪಾಲಾಗಿ, ಅಲ್ಲಿಂದ ಮಾರಾಟವಾಗಿ, ಕೈಯಿಂದ ಕೈಗೆ ಹೋದವು. ಹೊಸ ಒಡೆಯ ಹಳೆಯ ಹೆಸರನ್ನು ತಿಕ್ಕಿ ಅಳಿಸಿ ತನ್ನ ಹೆಸರು ಕೆತ್ತಿಸುತ್ತಿದ್ದ. ಒಂದೇ ತಗಡು ಎಷ್ಟೋ ದಶಕ ದುಡಿಯುತ್ತಿತ್ತು. ಆದ್ದರಿಂದ ಒಂದು ಹಾಳೆ ಸಿಕ್ಕಿದೊಡನೆ ಅದು ಯಾರ ಹೆಸರಿನ ಕಾಲದ್ದು, ಗೆರೆ ಎಷ್ಟು ಸವೆದಿದೆ ಎಂದು ನೋಡುವುದು ಈ ಕ್ಷೇತ್ರದವರ ಮೊದಲ ಕೆಲಸ. ಕಡತದ ಹಾಳೆಗಳನ್ನು ಆ ರಾತ್ರಿ ಮತ್ತೊಮ್ಮೆ ಈ ಕಣ್ಣಿನಿಂದ ನೋಡಿದೆವು.

ಗುರುವಾರ

ಇಡೀ ಪ್ರವಾಸವನ್ನು ನಾವು ಕಟ್ಟಿಕೊಂಡಿದ್ದೇ ಈ ದಿನದ ಸುತ್ತ. ಕಾವೂರ್ ರಸ್ತೆಯಿಂದ, ಕಮಾನಿನ ಕೆಳಗೆ ಹಾದುಹೋಗುವ ಕಡಿದಾದ ಮೆಟ್ಟಿಲು ಹತ್ತಿದರೆ ಸಾನ್ ಪಿಯೆತ್ರೊ ಇನ್ ವಿಂಕೊಲಿ. ಸಂತ ಪೀಟರನನ್ನು ಬಂಧಿಸಿದ್ದವೆಂದು ನಂಬಲಾದ ಸರಪಣಿಗಳು ಬಲಿಪೀಠದ ಕೆಳಗಿವೆ. ಬಲಗಡೆಗೆ ಎರಡನೆಯ ಜೂಲಿಯಸನ ಸಮಾಧಿ. ಪೋಪನಾಗುವ ಮೊದಲು ಅವನು ಕಾರ್ಡಿನಲ್ ಆಗಿದ್ದದ್ದು ಇದೇ ಚರ್ಚಿನ ಹೆಸರಿನಲ್ಲಿ.

1505ರಲ್ಲಿ ಜೂಲಿಯಸ್ ಮೈಕೆಲಾಂಜೆಲೊನನ್ನು ರೋಮಿಗೆ ಕರೆಸಿ ತನ್ನ ಸಮಾಧಿಯ ಕೆಲಸ ಒಪ್ಪಿಸಿದ. ಮೊದಲ ಕಲ್ಪನೆಯಲ್ಲಿ ಅದು ನಾಲ್ಕೂ ಕಡೆ ತೆರೆದ, ಮಹಡಿ ಮಹಡಿಯಾಗಿ ಮೇಲೇರುವ ಕಟ್ಟಡ. ಶಿಷ್ಯ ಅಸ್ಕಾನಿಯೊ ಕೊಂದಿವಿ ಬರೆದಂತೆ 40ಕ್ಕೂ ಹೆಚ್ಚು ಪ್ರತಿಮೆಗಳು. ಕರಾರಾ ಗಣಿಗಳಲ್ಲಿ ಎಂಟು ತಿಂಗಳು ಕುಳಿತು ಮೈಕೆಲಾಂಜೆಲೊ ಅಮೃತಶಿಲೆ ಆರಿಸಿ ತಂದ. ಅಷ್ಟರಲ್ಲಿ ಪೋಪನ ಗಮನ ಹೊಸ ಬೆಸಿಲಿಕಾದ ಕಡೆ ತಿರುಗಿತು, ಶಿಲ್ಪಿ ಮುನಿಸಿಕೊಂಡು ಫ್ಲಾರೆನ್ಸಿಗೆ ಹೊರಟುಹೋದ, ಮರಳಿ ಬಂದವನಿಗೆ ಸಿಸ್ಟೈನ್ ಚಾಪೆಲ್‌ನ ಮಾಡಿಗೆ ಚಿತ್ರ ಬರೆಯುವ ಕೆಲಸ ಗಂಟುಬಿತ್ತು. 1513ರಲ್ಲಿ ಜೂಲಿಯಸ್ ಸತ್ತ ಮೇಲೆ ವಾರಸುದಾರರೊಡನೆ ಹೊಸ ಕರಾರು, 16,500 ಡುಕಾಟ್ ಚಿನ್ನದ ನಾಣ್ಯಗಳಿಗೆ. ಆಮೇಲೆ 1516, 1526, 1532, 1542: ಪ್ರತಿ ಸಲವೂ ಸಮಾಧಿ ಸಣ್ಣದಾಯಿತು. 1545ರಲ್ಲಿ ಅದು ಮುಗಿದಾಗ ಮೊದಲ ಮಾತುಕತೆಗೆ 40 ವರ್ಷ ಆಗಿತ್ತು. ಕೊಂದಿವಿ ಇದನ್ನು ಸಮಾಧಿಯ ದುರಂತವೆಂದೇ ಕರೆದ.

ಕೈಬಿಟ್ಟ ಯೋಜನೆಗಳು ರೇಖಾಚಿತ್ರಗಳಲ್ಲಿವೆ. ಅವುಗಳಲ್ಲಿ ಬರ್ಲಿನ್ನಿನ ಒಂದು ಹಾಳೆ ತೀರ ಸವೆದು ಮಸುಕಾಗಿದೆ, ಅದೃಷ್ಟಕ್ಕೆ ಜಾಕೊಮೊ ರೊಕ್ಕೆತ್ತಿ ಎಂಬವನು ಅದನ್ನು ಅಚ್ಚುಕಟ್ಟಾಗಿ ನಕಲು ಮಾಡಿಟ್ಟಿದ್ದಾನೆ. ಕಡತದಲ್ಲಿ ಮೊದಲು ಆ ನಕಲು, ಅದರ ಹಿಂದೆ 1554ರಲ್ಲಿ ಸಾಲಮಾಂಕಾ ಪ್ರಕಟಿಸಿದ ಅಚ್ಚುಚಿತ್ರ. ಮೊದಲನೆಯದು ಆಗಬೇಕಿದ್ದದ್ದು, ಎರಡನೆಯದು ಆದದ್ದು. ಎರಡನ್ನೂ ಅಕ್ಕಪಕ್ಕ ಹಿಡಿದು ಕಲ್ಲಿನ ಎದುರು ನಿಂತೆವು.

ರೊಕ್ಕೆತ್ತಿಯ ಹಾಳೆಯಲ್ಲಿ ಕೆಳ ಅಂತಸ್ತಿನ ಕಂಬದ ಪೀಠಗಳ ಮುಂದೆ ಕೈಕಾಲು ಕಟ್ಟಿಸಿಕೊಂಡ ಸೆರೆಯಾಳುಗಳಿದ್ದಾರೆ, ಮೇಲೆ ಎತ್ತರದ ಗೂಡಿನಲ್ಲಿ ಮಗುವನ್ನೆತ್ತಿದ ಮೇರಿ. ಈಗ ಕಲ್ಲಿನಲ್ಲಿ ಅದೇ ಪೀಠಗಳನ್ನು ನೋಡಿ: ಸೆರೆಯಾಳುಗಳು ನಿಲ್ಲಬೇಕಿದ್ದ ಜಾಗದಲ್ಲಿ ಸುರುಳಿಯಾಕಾರದ ಅಲಂಕಾರದ ಕಲ್ಲುಗಳಿವೆ, ಖಾಲಿತನವನ್ನು ಮುಚ್ಚಲೆಂದೇ ಇಟ್ಟಂತೆ. ಆ ಸೆರೆಯಾಳುಗಳಲ್ಲಿ ಇಬ್ಬರು ಪ್ಯಾರಿಸ್ಸಿನ ಲೂವ್ರ್‌ನಲ್ಲಿ, ನಾಲ್ವರು ಅರ್ಧ ಕಲ್ಲಿನೊಳಗೇ ಉಳಿದು ಫ್ಲಾರೆನ್ಸಿನ ಅಕಾಡೆಮಿಯಾದಲ್ಲಿ. ಹಳೆಯ ವಿನ್ಯಾಸದ ಹಾಳೆಯನ್ನು ನೋಡಿರದಿದ್ದರೆ ಈ ಸುರುಳಿಗಳ ಮೇಲೆ ನನ್ನ ಕಣ್ಣು ನಿಲ್ಲುತ್ತಲೇ ಇರಲಿಲ್ಲ. ಕೆಳಗಿನ ಅಂತಸ್ತಿನ ಕಲ್ಲುಗಳು 1513ರ ಕರಾರಿನ ಬೆನ್ನಲ್ಲೇ ಕೆತ್ತಿಸಿದವು, ಬಳ್ಳಿ, ಮುಖವಾಡ, ಮೃಗಗಳಿಂದ ಒಂದಂಗುಲವೂ ಬಿಡದೆ ತುಂಬಿವೆ. ಮೇಲಿನ ಅಂತಸ್ತು 1540ರ ದಶಕದ್ದು, ಬೋಳು ಗೋಡೆ, ನೇರ ಗೆರೆ. ಎರಡೂ ಸೇರುವ ಅಡ್ಡಪಟ್ಟಿಯಲ್ಲಿ ಮೂವತ್ತು ವರ್ಷಗಳ ಅಂತರವನ್ನು ಬರಿಗಣ್ಣಿನಿಂದ ಕಾಣಬಹುದು.

ಸಮಾಧಿಯ ನಡುವೆ ಕುಳಿತ ಬೈಬಲಿನ ಪ್ರವಾದಿ ಮೋಶೆಯ ಬಗ್ಗೆ ಬರೆಯದೆ ಮುಂದೆ ಹೋಗಲಾಗದು. 2.35 ಮೀಟರ್ ಎತ್ತರದ ಈ ಪ್ರತಿಮೆ ಮೇಲಿನ ಅಂತಸ್ತಿಗೆಂದು ಕಲ್ಪಿಸಿದ್ದು, ಕೆಳಗಿನಿಂದ ತಲೆ ಎತ್ತಿ ನೋಡುವವರಿಗಾಗಿ. ಈಗ ಅವನು ನಮ್ಮ ಎದುರಿಗೇ ಕುಳಿತಿದ್ದಾನೆ. ಬಲಗೈಯ ಬೆರಳುಗಳು ಗಡ್ಡದ ಎಳೆಗಳನ್ನು ಒಂದು ಕಡೆಗೆ ಎಳೆದುಕೊಂಡಿವೆ, ಕಂಕುಳ ಕೆಳಗೆ ದೇವರ ಆಜ್ಞೆಗಳ ಹಲಗೆಗಳು, ಎಡಗಾಲು ಹಿಂದಕ್ಕೆ ಸರಿದು ಏಳಲು ಅಣಿಯಾದಂತಿದೆ, ಮುಖ ಮಾತ್ರ ಅವನ ಎಡಕ್ಕೆ ತಿರುಗಿದೆ. ಗಡ್ಡದ ಎಳೆಯೊಂದರ ಮೇಲೆ ಒಂದೇ ಬೆರಳು ಊರಿ ಅಷ್ಟು ಕಲ್ಲನ್ನು ತಗ್ಗಿಸಿರುವ ಜಾಗವನ್ನು ನೋಡುತ್ತ ನಾವಿಬ್ಬರೂ ಬಹಳ ಹೊತ್ತು ಮಾತಿಲ್ಲದೆ ನಿಂತೆವು. ಅವನ ಪಕ್ಕದ, ಬೈಬಲಿನ ಅಕ್ಕತಂಗಿಯರಾದ ರಾಹೇಲ ಮತ್ತು ಲೇಯ ಕೂಡ ಮೈಕೆಲಾಂಜೆಲೊ ಕೈಯವೇ, ಕೊನೆಯ ಕರಾರಿನ ಕಾಲದಲ್ಲಿ ಸೆರೆಯಾಳುಗಳ ಬದಲಿಗೆ ಮಾಡಿದವು. ಮೋಶೆಯ ಅಬ್ಬರದ ಪಕ್ಕದಲ್ಲಿ ಅವರನ್ನು ಯಾರೂ ನೋಡುವುದಿಲ್ಲ. ಮೇಲೆ ನೋಡುತ್ತ ಕೈಮುಗಿದ ರಾಹೇಲಳ ಮುಸುಕಿನ ನೆರಿಗೆ ಇಡೀ ಸಮಾಧಿಯಲ್ಲೇ ಶಾಂತವಾದದ್ದೆಂದು ನನ್ನ ಅನಿಸಿಕೆ.

ಸಾಲಮಾಂಕಾನ ಅಚ್ಚುಚಿತ್ರ ಸಮಾಧಿ ಮುಗಿದ ಒಂಬತ್ತು ವರ್ಷಕ್ಕೆ ಬಂದದ್ದು, ಆಗ ಮೈಕೆಲಾಂಜೆಲೊ ಇನ್ನೂ ರೋಮಿನಲ್ಲೇ ಇದ್ದ. ಚಿತ್ರದಲ್ಲಿ ಇಡೀ ಗೋಡೆ ನೇರ ಎದುರಿನಿಂದ ಕಾಣುತ್ತದೆ, ಮೇಲಿನ ಅಂತಸ್ತೂ ಕೆಳಗಿನದೂ ಒಂದೇ ಎತ್ತರದ ಕಣ್ಣಿಗೆ. ಚರ್ಚಿನಲ್ಲಿ ನಿಂತವರಿಗೆ ಮೇಲೆ ಪವಡಿಸಿದ ಜೂಲಿಯಸ್ ಅಷ್ಟು ಸಲೀಸಾಗಿ ಕಾಣಿಸುವುದಿಲ್ಲ, ಕಾಗದದಲ್ಲಿ ಅವನಿಗೂ ಸಮಪಾಲು ಸಿಕ್ಕಿದೆ. ನಲವತ್ತು ವರ್ಷಗಳ ವ್ಯಾಜ್ಯದ ಯಾವ ಗುರುತೂ ಹಾಳೆಯಲ್ಲಿಲ್ಲ. ದೂರದೂರಿನಲ್ಲಿ ಅದನ್ನು ಬಿಡಿಸಿ ನೋಡಿದವನಿಗೆ ಇದು ಮೊದಲಿನಿಂದಲೂ ಹೀಗೆಯೇ ಆಗಬೇಕಿದ್ದ ಸಮಾಧಿ ಎಂದೇ ಅನ್ನಿಸಿರಬೇಕು. ಅಚ್ಚುಚಿತ್ರದ ಬಲವೂ ಮಿತಿಯೂ ಇದೇ ಎಂದು ನನಗನಿಸಿತು: ಒಂದು ಘಟ್ಟದಲ್ಲಿ ಕಂಡದ್ದನ್ನು ಅದು ಕೊನೆಯ ಮಾತಾಗಿ ಸ್ಥಿರಗೊಳಿಸಿಬಿಡುತ್ತದೆ. ಅದರ ಹಿಂದಿನ ವಾದವಿವಾದ ತಿಳಿಯಬೇಕಾದರೆ ಬರ್ಲಿನ್ನಿನ ಸವೆದ ಹಾಳೆಯಂಥವುಗಳ ಬಳಿಗೇ ಹೋಗಬೇಕು.

ಹನ್ನೆರಡೂವರೆಗೆ ಬಾಗಿಲು ಹಾಕಿದರು. ಮೂರಕ್ಕೆ ತೆರೆದಾಗ ಮತ್ತೆ ಒಳಗೆ ಹೋಗಿ, ಸಂಜೆಯವರೆಗೆ ಅಲ್ಲೇ ಇದ್ದೆವು.

ಶುಕ್ರವಾರ

ಸಾಂತಾ ಮರಿಯಾ ಮಜ್ಜೋರೆಯಲ್ಲಿ ಜನರ ಸಾಲು ಉದ್ದವಾಗಿತ್ತು. 2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಇಲ್ಲಿ ಸಮಾಧಿ ಮಾಡಲಾಯಿತು. ಫ್ರಾನ್ಸಿಸ್ಕುಸ್ ಎಂಬ ಹೆಸರೊಂದನ್ನು ಬಿಟ್ಟರೆ ಆ ಕಲ್ಲಿನ ಮೇಲೆ ಬೇರೆ ಅಲಂಕಾರವಿಲ್ಲ. ಅದೇ ಬೆಸಿಲಿಕಾದ ಸಿಸ್ಟೈನ್ ಚಾಪೆಲ್‌ಗೆ (ವ್ಯಾಟಿಕನ್ನಿನದಲ್ಲ, ಇದು ಐದನೆಯ ಸಿಕ್ಸ್ಟಸನದು) ಹೋದರೆ ಅದರ ತದ್ವಿರುದ್ಧ. ಒಂದು ಗೋಡೆಗೆ ಐದನೆಯ ಪಿಯುಸ್, ಎದುರಿನದಕ್ಕೆ ಸಿಕ್ಸ್ಟಸ್, ಬಣ್ಣಬಣ್ಣದ ಶಿಲೆಗಳ ಹೊದಿಕೆ, ಅವರ ಆಳ್ವಿಕೆಯ ಘಟನೆಗಳ ಉಬ್ಬುಶಿಲ್ಪಗಳು. ಪಿಯುಸ್ ಸಿಂಹಾಸನದಲ್ಲಿ ಕುಳಿತಿದ್ದಾನೆ, ಸಿಕ್ಸ್ಟಸ್ ಮಂಡಿಯೂರಿದ್ದಾನೆ.

ಇದರ ವಾಸ್ತುಶಿಲ್ಪಿ ದೊಮೆನಿಕೊ ಫಾಂಟಾನಾ. ವ್ಯಾಟಿಕನ್ನಿನ ಒಬೆಲಿಸ್ಕನ್ನು 1586ರಲ್ಲಿ ಸಾಗಿಸಿ ನಿಲ್ಲಿಸಿದ ಎಂಜಿನಿಯರ್ ಕೂಡ ಅವನೇ. ಆ ಸಾಹಸವನ್ನೂ ಸಿಕ್ಸ್ಟಸ್ ಕಟ್ಟಿಸಿದ ಇತರ ಕಟ್ಟಡಗಳನ್ನೂ, ಈ ಚಾಪೆಲ್ ಸಹಿತವಾಗಿ, ನತಾಲೆ ಬೊನಿಫಾಚೊ ಕೆತ್ತಿದ ದೊಡ್ಡ ಚಿತ್ರಗಳೊಂದಿಗೆ 1590ರಲ್ಲಿ ಗ್ರಂಥವಾಗಿ ಹೊರತಂದ. ಸಾಲಮಾಂಕಾನ ಹಾಳೆಗೂ ಇದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಅಲ್ಲಿ ಒಬ್ಬನು ಕಟ್ಟಿದ್ದನ್ನು ಇನ್ನೊಬ್ಬನು ಮಾರಾಟಕ್ಕೆಂದು ಅಚ್ಚು ಹಾಕಿಸಿದ. ಇಲ್ಲಿ ಕಟ್ಟಿದವನೇ ತನ್ನ ಕೆಲಸವನ್ನು ತಾನು ಕಂಡಂತೆ, ಅಳತೆ ಮತ್ತು ವಿವರಣೆಗಳ ಸಮೇತ ಮುಂದಿಟ್ಟ. ಯೇಸು ಹುಟ್ಟಿದ ಗೋದಲಿಯ ನೆನಪಿನ ಹಳೆಯ ಚಾಪೆಲನ್ನು ಒಡೆಯದೆ, ಮರದ ಚೌಕಟ್ಟಿನಲ್ಲಿ ಬಿಗಿದು ಇಡಿಯಾಗಿ ಸರಿಸಿ ಹೊಸ ಚಾಪೆಲ್‌ನ ನಡುವೆ ಇಳಿಸಿದ ರೀತಿಯನ್ನೂ ಅದರಲ್ಲಿ ತೋರಿಸಿದ್ದಾನೆ. ಮಂಡಿಯೂರಿದ ಸಿಕ್ಸ್ಟಸನ ನೋಟ ಆ ಗೋದಲಿಯ ಕಡೆಗೇ ಇದೆ, ಸಮಾಧಿಗಳೆರಡೂ ಅದನ್ನು ನಡುವಿಟ್ಟುಕೊಂಡೇ ಯೋಜಿತವಾದವು. ಗ್ರಂಥ ಹೊರಬಂದ ವರ್ಷವೇ, ಆಗಸ್ಟಿನಲ್ಲಿ, ಸಿಕ್ಸ್ಟಸ್ ತೀರಿಕೊಂಡ.